ಎದುರಾಳಿಗೆ ಕಲಿಸಿದ ಗದಗಿನ ಸ್ಪಿನ್ನರ್

ಆ ಶುಕ್ರವಾರ ಮಧ್ಯಾಹ್ನ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಪಿಡಿಎಫ್ ಬಂದು ಬಿತ್ತು. ಇಂಟರ್ನ್‌ಶಿಪ್‌ಗೆ ಆಯ್ಕೆಯಾದವರ ಪಟ್ಟಿ. 14 ಹೆಸರು. ಏಳನೆಯದು ನನ್ನ ಗೆಳೆಯನದು. ನನ್ನ ಹೆಸರು ಇರಲಿಲ್ಲ. ಎರಡು ಸಲ ಮೇಲಿಂದ ಕೆಳಗೆ ನೋಡಿದೆ, ಸರ್ಚ್ ಬಾಕ್ಸಿನಲ್ಲಿ ಯುಎಸ್ಎನ್ ಹಾಕಿಯೂ ನೋಡಿದೆ. ಇಲ್ಲ ಅಂದರೆ ಇಲ್ಲ.

ಇಷ್ಟಕ್ಕೇ ಆಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಗೆಳೆಯನಿಗೆ ಸಿ ಪ್ರೋಗ್ರಾಮಿಂಗ್‌ನಲ್ಲಿ ಪಾಯಿಂಟರ್ ಎಂದರೇನು, ಲಿಂಕ್ಡ್ ಲಿಸ್ಟ್ ತಿರುಗಿಸುವುದು ಹೇಗೆ ಎಂದು ಎರಡು ತಿಂಗಳು ಹೇಳಿಕೊಟ್ಟವನು ನಾನು. ಅವನು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕಿಟಕಿ ಪಕ್ಕ ನನಗೊಂದು ಸೀಟು ಹಿಡಿದಿರುತ್ತಿದ್ದ. ನಾನು ಟೇಕಲ್‌ನಲ್ಲಿ ಹತ್ತುತ್ತಿದ್ದೆ. ಮಾಲೂರು ಬರುವಷ್ಟರಲ್ಲಿ ಪುಸ್ತಕ ತೆರೆದರೆ ಕೆ.ಆರ್.ಪುರದವರೆಗೂ ಪಾಠ. ಕೆಜಿಎಫ್‌ನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ತುಂಬಿ ತುಳುಕುವ ಆ ಡಬ್ಬಿಯಲ್ಲಿ, ಯಾರದೋ ಟಿಫನ್ ಬಾಕ್ಸಿನ ಮೇಲೆ ನೋಟ್‌ಬುಕ್ ಇಟ್ಟು ಬಾಣದ ಗುರುತು ಹಾಕಿ ಪಾಯಿಂಟರ್ ಬಿಡಿಸಿದ್ದೇನೆ. ಈಗ ಅವನು ಆಯ್ಕೆಯಾದ, ನಾನು ಇಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಕಲ್ಲಿನ ಕೆಲಸದವರು. ಬಂಡೆಯಲ್ಲಿ ಸಾಲಾಗಿ ತೂತು ಹೊಡೆದು, ಬೆಣೆ ಇಟ್ಟು, ಸುತ್ತಿಗೆಯಿಂದ ಬಾರಿಸಿ ಕಲ್ಲು ಕೂಚ ಸೀಳುತ್ತಾರೆ. ಮಾತು ಕಡಿಮೆ. ಕೈ ತೊಳೆದು ಊಟಕ್ಕೆ ಕೂತವರು ಒಂದೇ ಮಾತು ಹೇಳಿದರು: ‘ಮನೆಗೆ ಮಾರಿ, ಊರಿಗೆ ಉಪಕಾರಿ.’ ಅಮ್ಮ ಮುದ್ದೆ ಹಾಕುತ್ತಾ, ‘ಸುಮ್ನಿರ್ರೀ, ಮಗು ಊಟ ಮಾಡ್ಲಿ’ ಅಂದರು. ಇಪ್ಪತ್ತು ವರ್ಷದವನನ್ನು ಮಗು ಅಂದದ್ದು ಆ ಹೊತ್ತಿಗೆ ಇನ್ನೂ ಕಷ್ಟವಾಯಿತು.

ಆ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹಳೆಯ ಸ್ಕೋರ್‌ಕಾರ್ಡ್ ಒಂದನ್ನು ತೆಗೆದು ನೋಡಿದೆ. ಸಮಾಧಾನಕ್ಕೆ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ನಾನು ಸ್ಕೋರ್‌ಕಾರ್ಡ್ ನೋಡುತ್ತೇನೆ. ನಾನು ಎಡಗೈ ಸ್ಪಿನ್ನರ್. ದೊಡ್ಡದಾಗಿ ಹೇಳಿಕೊಳ್ಳುವಂಥದ್ದೇನಲ್ಲ, ಟೆನಿಸ್ ಬಾಲ್ ಟೂರ್ನಿಗಳಲ್ಲಿ ನಾಲ್ಕು ಓವರ್ ಹಾಕುವವನು. ಕರ್ನಾಟಕದಲ್ಲಿ ಎಡಗೈ ಸ್ಪಿನ್ ಹಾಕುವ ಹುಡುಗರಿಗೆ ಸುನಿಲ್ ಜೋಶಿ ಎಂಬ ಹೆಸರನ್ನು ಯಾರಾದರೊಬ್ಬ ಹಿರಿಯರು ಹೇಳಿಯೇ ಹೇಳಿರುತ್ತಾರೆ. ನನಗೂ ಹೇಳಿದ್ದರು. ನಾನು ನೋಡಿದ ಸ್ಕೋರ್‌ಕಾರ್ಡ್ 2000ನೇ ಇಸವಿಯ ನವೆಂಬರ್‌ನದು. ನಾನು ಹುಟ್ಟುವುದಕ್ಕೂ ಮೊದಲಿನದು.

ಢಾಕಾ. ಬಾಂಗ್ಲಾದೇಶ ಆಡಿದ ಮೊಟ್ಟಮೊದಲ ಟೆಸ್ಟ್ ಪಂದ್ಯ. ಎದುರಿಗೆ ಭಾರತ. ಸೌರವ್ ಗಂಗೂಲಿಗೂ ನಾಯಕನಾಗಿ ಅದು ಮೊದಲ ಟೆಸ್ಟ್. ಮೊದಲು ಬ್ಯಾಟ್ ಮಾಡಿದ ಬಾಂಗ್ಲಾ, ಅಮಿನುಲ್ ಇಸ್ಲಾಂ ಹೊಡೆದ 145 ರನ್ ಬಲದಿಂದ 400 ಮುಟ್ಟಿ ಎಲ್ಲರ ಬಾಯಿ ಮುಚ್ಚಿಸಿತು. ಆ ಇನಿಂಗ್ಸ್‌ನಲ್ಲಿ ಗದಗದ ಸುನಿಲ್ ಜೋಶಿ 142 ರನ್ ಕೊಟ್ಟು 5 ವಿಕೆಟ್ ತೆಗೆದರು. ಆಮೇಲೆ ಬ್ಯಾಟ್ ಹಿಡಿದು 92 ಹೊಡೆದರು. ಶತಕಕ್ಕೆ 8 ರನ್ ಬೇಕಿತ್ತು, ಟೆಸ್ಟ್ ಬದುಕಿನಲ್ಲಿ ಆ 8 ರನ್ ಅವರಿಗೆ ಮತ್ತೆ ಸಿಗಲೇ ಇಲ್ಲ. ಎರಡನೇ ಇನಿಂಗ್ಸ್‌ನಲ್ಲಿ ಬಾಂಗ್ಲಾ 91ಕ್ಕೆ ಕುಸಿಯಿತು; ಜೋಶಿ 27 ರನ್‌ಗೆ 3 ವಿಕೆಟ್. ಭಾರತಕ್ಕೆ 9 ವಿಕೆಟ್ ಗೆಲುವು. ಪಂದ್ಯ ಪುರುಷೋತ್ತಮ ಸುನಿಲ್ ಜೋಶಿ. ಬಾಂಗ್ಲಾದೇಶದ ಮೊದಲ ಟೆಸ್ಟ್ ಹಬ್ಬವನ್ನು ಹಾಳು ಮಾಡಿದವರಲ್ಲಿ ಮೊದಲ ಹೆಸರು ಅವರದು.

ಹದಿನೇಳು ವರ್ಷ ಆದ ಮೇಲೆ, 2017ರ ಆಗಸ್ಟ್‌ನಲ್ಲಿ, ಅದೇ ಬಾಂಗ್ಲಾದೇಶ ಕ್ರಿಕೆಟ್ ಮಂಡಳಿ ಅದೇ ಜೋಶಿಯವರನ್ನು ಸ್ಪಿನ್ ಬೌಲಿಂಗ್ ಸಲಹೆಗಾರರನ್ನಾಗಿ ಕರೆಸಿಕೊಂಡಿತು. ‘ನಮ್ಮನ್ನು ಔಟ್ ಮಾಡಿದೆಯಲ್ಲ, ಅದು ಹೇಗೆ ಅಂತ ನಮ್ಮ ಹುಡುಗರಿಗೆ ಹೇಳಿಕೊಡು ಬಾ’ ಎಂದು ಕರೆದ ಹಾಗೆ! ನನಗೆ ಆ ರಾತ್ರಿ ಬೇಕಾಗಿದ್ದದ್ದು ಇದೇ ಕಥೆ.

ಜೋಶಿ ಆಡಿದ್ದು 15 ಟೆಸ್ಟ್, 69 ಏಕದಿನ ಪಂದ್ಯ. ಟೆಸ್ಟ್‌ನಲ್ಲಿ 41 ವಿಕೆಟ್, ಏಕದಿನದಲ್ಲಿ 69. ಅಂಕಿ ನೋಡಿದರೆ ಸಾಧಾರಣ ಅನ್ನಿಸುತ್ತದೆ. ಆದರೆ ಅವರು ಆಡಿದ ಕಾಲ ಯಾವುದು? ಅನಿಲ್ ಕುಂಬ್ಳೆ ಉಚ್ಛ್ರಾಯದಲ್ಲಿದ್ದ ಕಾಲ. ಕುಂಬ್ಳೆಗೆ ಒಂದು ಜಾಗ ಖಾಯಂ. ಉಳಿದ ಒಂದು ಜಾಗಕ್ಕೆ ವೆಂಕಟಪತಿ ರಾಜು, ರಾಜೇಶ್ ಚೌಹಾಣ್, ಆಮೇಲೆ ಹರಭಜನ್ ಹೀಗೆ ಸಾಲು. ನೂರು ಸೀಟಿನ ಹಾಲ್‌ನಲ್ಲಿ ಒಂದು ಹುದ್ದೆಗೆ ಪರೀಕ್ಷೆ ಬರೆಯುವ ನಮಗೆ ಇದೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೇಶೀಯ ಕ್ರಿಕೆಟ್ ಸೇರಿ ಪ್ರಥಮ ದರ್ಜೆಯಲ್ಲಿ ಅವರು ತೆಗೆದದ್ದು 615 ವಿಕೆಟ್, ಹೊಡೆದದ್ದು 5 ಸಾವಿರಕ್ಕೂ ಮೀರಿದ ರನ್. 1995–96ರ ರಣಜಿ ಋತುವೊಂದರಲ್ಲೇ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಆ ವರ್ಷ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂತು.

ಬಾಲಕನಾಗಿದ್ದಾಗ ಅವರು ಬೆಳಗಿನ ಜಾವ ಗದಗದಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಗದಗಕ್ಕೆ ಬಂದು ಶಾಲೆಗೆ ಹಾಜರಾಗುತ್ತಿದ್ದರಂತೆ. ಗದಗ–ಹುಬ್ಬಳ್ಳಿ ನಮ್ಮ ಟೇಕಲ್–ಕೆ.ಆರ್.ಪುರಕ್ಕಿಂತ ದೂರ. ರೈಲು ತಡವಾಯಿತು ಅಂತ ಮೊದಲ ಪೀರಿಯಡ್ ತಪ್ಪಿಸಿಕೊಂಡಾಗಲೆಲ್ಲ ಇದನ್ನು ನೆನೆದು ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಸ್ವಲ್ಪ ಮಾತ್ರ, ಯಾಕೆಂದರೆ ರೈಲು ನಿಜವಾಗಿಯೂ ತಡವಾಗಿರುತ್ತದೆ.

ಒಂದು ದಿನ ಮಾತ್ರ ಅವರು ಯಾರ ನೆರಳಿನಲ್ಲೂ ಇರಲಿಲ್ಲ. 1999ರ ಸೆಪ್ಟೆಂಬರ್, ಕೆನ್ಯಾದ ನೈರೋಬಿ ಜಿಮ್ಖಾನಾ ಮೈದಾನ, ಎದುರಿಗೆ ದಕ್ಷಿಣ ಆಫ್ರಿಕಾ. 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇನ್ನೊಮ್ಮೆ ಓದಿಕೊಳ್ಳಿ: ಹತ್ತು ಓವರಿಗೆ ಆರೇ ರನ್. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. ಈ ನೈರೋಬಿ ಇನ್ನೊಬ್ಬ ಕನ್ನಡಿಗನ ಕಥೆಯಲ್ಲಿ ಮತ್ತೆ ಬರುತ್ತದೆ, ಆಮೇಲೆ ಹೇಳುತ್ತೇನೆ.

2001ರ ಹೊತ್ತಿಗೆ ಭಾರತ ತಂಡದ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಕರ್ನಾಟಕಕ್ಕೆ ಹಲವು ವರ್ಷ ಆಡಿ, ಕೋಚ್ ಆದರು. ನಾವು ‘ಫಾರಿನ್’ ಎಂದ ತಕ್ಷಣ ಕಣ್ಣರಳಿಸುತ್ತೇವೆ; ಆದರೆ ಅವರ ದಾರಿ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಮೊದಲು ಹೈದರಾಬಾದ್, ಆಮೇಲೆ ಜಮ್ಮು–ಕಾಶ್ಮೀರ. 2014ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದಲ್ಲಿ ಭೀಕರ ಪ್ರವಾಹ ಬಂದು ಶ್ರೀನಗರದ ಮೈದಾನ ನೀರು ಪಾಲಾಗಿತ್ತು. ಅಭ್ಯಾಸಕ್ಕೇ ತಾಪತ್ರಯವಿದ್ದ ಆ ತಂಡ ಡಿಸೆಂಬರ್‌ನಲ್ಲಿ ಮುಂಬೈಗೆ ಹೋಗಿ, ವಾಂಖೆಡೆ ಮೈದಾನದಲ್ಲೇ, ರಣಜಿ ಟ್ರೋಫಿಯನ್ನು ಅತಿ ಹೆಚ್ಚು ಬಾರಿ ಗೆದ್ದ ಮುಂಬೈಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ನಾಯಕ ಪರ್ವೇಜ್ ರಸೂಲ್, ಕೋಚ್ ಸುನಿಲ್ ಜೋಶಿ.

ನಂತರ ಒಮಾನ್. 2016ರ ಟಿ20 ವಿಶ್ವಕಪ್‌ನಲ್ಲಿ ಒಮಾನ್ ಧರ್ಮಶಾಲಾದಲ್ಲಿ ಐರ್ಲೆಂಡ್ ತಂಡವನ್ನು ಮಣಿಸಿ ಜಗತ್ತಿಗೆ ತಾನ್ಯಾರೆಂದು ತೋರಿಸಿತಲ್ಲ, ಆಗ ಆ ತಂಡದ ಸ್ಪಿನ್ ಕೋಚ್ ಇವರೇ. ಅದಾದ ಮೇಲೆ ಢಾಕಾದ ಕರೆ.

ಬಾಂಗ್ಲಾಕ್ಕೆ ಎಡಗೈ ಸ್ಪಿನ್ ಹೊಸದೇನಲ್ಲ. 2000ರ ಆ ಟೆಸ್ಟ್‌ನಲ್ಲೇ ಮೊಹಮ್ಮದ್ ರಫೀಕ್ ಇದ್ದರು. ಆಮೇಲೆ ಅಬ್ದುರ್ ರಜಾಕ್, ಶಕೀಬ್ ಅಲ್ ಹಸನ್, ತೈಜುಲ್ ಇಸ್ಲಾಂ ಹೀಗೆ ಪರಂಪರೆಯೇ ಇದೆ. ಜೋಶಿ ಸೇರಿದ ಕೂಡಲೇ ಮೀರ್‌ಪುರದಲ್ಲಿ ಬಾಂಗ್ಲಾ ಆಸ್ಟ್ರೇಲಿಯಾವನ್ನು 20 ರನ್‌ಗಳಿಂದ ಸೋಲಿಸಿತು. ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರಿಗೆ ಮೊದಲ ಗೆಲುವು, ಶಕೀಬ್‌ಗೆ 10 ವಿಕೆಟ್. ಇದನ್ನೆಲ್ಲ ಹೊಸ ಕೋಚಿನ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ. ಕೆಲವೇ ದಿನಗಳಲ್ಲಿ ಯಾರೂ ಶಕೀಬ್‌ಗೆ ಬೌಲಿಂಗ್ ಕಲಿಸಲು ಆಗದು. ನನ್ನ ಗೆಳೆಯನ ಆಯ್ಕೆಗೆ ನಾನೇ ಕಾರಣ ಎಂದುಕೊಂಡರೂ ಅಷ್ಟೇ ತಪ್ಪು, ಅದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅವನು ರಾತ್ರಿ ಒಂದು ಗಂಟೆಯವರೆಗೆ ಓದುತ್ತಿದ್ದ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು 2018ರ ವೆಸ್ಟ್ ಇಂಡೀಸ್ ಸರಣಿ. ಅಷ್ಟರಲ್ಲಿ ಜೋಶಿ ಅಲ್ಲಿ ಒಂದು ವರ್ಷ ದಾಟಿದ್ದರು. ಎರಡು ಟೆಸ್ಟ್, ಬಾಂಗ್ಲಾ ತೆಗೆಯಬೇಕಾದ ವಿಕೆಟ್ 40. ನಲವತ್ತಕ್ಕೆ ನಲವತ್ತೂ ಸ್ಪಿನ್ನರ್‌ಗಳಿಗೇ ಬಿದ್ದವು! ಚಟ್ಟೋಗ್ರಾಮ್‌ನಲ್ಲಿ 17 ವರ್ಷದ ನಯೀಮ್ ಹಸನ್ ಎಂಬ ಹುಡುಗ ಮೊದಲ ಟೆಸ್ಟ್‌ನಲ್ಲೇ 5 ವಿಕೆಟ್ ತೆಗೆದ. ಮೀರ್‌ಪುರದಲ್ಲಿ ತಂಡ ಒಬ್ಬನೇ ಒಬ್ಬ ಪರಿಣತ ವೇಗದ ಬೌಲರ್ ಇಲ್ಲದೆ ಕಣಕ್ಕಿಳಿಯಿತು. ಮೆಹದಿ ಹಸನ್ ಮಿರಾಜ್‌ಗೆ 12 ವಿಕೆಟ್. ಇನಿಂಗ್ಸ್ ಮತ್ತು 184 ರನ್ ಗೆಲುವು. ಬಾಂಗ್ಲಾ ಟೆಸ್ಟ್ ಇತಿಹಾಸದಲ್ಲಿ ಮೊದಲ ಇನಿಂಗ್ಸ್ ಜಯ. ಅದೇ ಢಾಕಾ ನಗರದಲ್ಲಿ ಹಿಂದೆ 91ಕ್ಕೆ ಆಲೌಟಾದ ತಂಡ ಅದು.

ಸ್ಪಿನ್ ಕೋಚ್ ಆದವರು ಅಂತಾರಾಷ್ಟ್ರೀಯ ಮಟ್ಟದವನಿಗೆ ಏನು ಹೇಳಿಕೊಡುತ್ತಾರೆ ಎಂಬ ಪ್ರಶ್ನೆ ನನಗೂ ಇತ್ತು. ಚೆಂಡು ಹಿಡಿಯುವುದನ್ನಂತೂ ಅಲ್ಲ. ಎಡಗೈ ಸ್ಪಿನ್ನರ್ ಹಾಕಿದ ಚೆಂಡು ಗಾಳಿಯಲ್ಲಿ ಬಲಗೈ ಬ್ಯಾಟ್ಸ್‌ಮನ್ ಕಡೆಗೆ ಸರಿದು, ನೆಲ ಮುಟ್ಟಿದ ಮೇಲೆ ಅವನಿಂದ ದೂರ ತಿರುಗಬೇಕು. ಗಾಳಿಯಲ್ಲಿ ಸರಿಯುವುದಕ್ಕೆ ಕಾರಣ ಚೆಂಡಿನ ಸುತ್ತುವಿಕೆ. ಮ್ಯಾಗ್ನಸ್ ಪರಿಣಾಮ ಎಂದು ನಾವು ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಎರಡು ಅಂಕಕ್ಕೆ ಓದುವಂಥದ್ದು. ಅದು ಆಗಬೇಕಾದರೆ ಚೆಂಡಿನ ಹೊಲಿಗೆ ಯಾವ ಕೋನದಲ್ಲಿರಬೇಕು, ಕ್ರೀಸಿನ ಅಂಚಿನಿಂದ ಹಾಕಿದರೆ ಏನು, ಸ್ಟಂಪ್ ಹತ್ತಿರದಿಂದ ಹಾಕಿದರೆ ಏನು, ಈ ಪಿಚ್ಚಿಗೆ ಎಷ್ಟು ವೇಗ ಸರಿ — ಇವನ್ನು ಆಡುವವನು ತಾನೇ ನೋಡಿಕೊಳ್ಳಲಾರ. ನಮ್ಮ ಕೋಡಿನಲ್ಲಿ ಒಂದು ಸೆಮಿಕೋಲನ್ ಬಿಟ್ಟುಹೋಗಿದ್ದು ನಮಗೆ ಅರ್ಧ ಗಂಟೆ ಕಾಣದೆ, ಹಿಂದಿನಿಂದ ಬಂದ ಗೆಳೆಯನಿಗೆ ಒಂದೇ ನೋಟಕ್ಕೆ ಕಾಣುತ್ತದಲ್ಲ, ಹಾಗೆ. ಹೊರಗಿನ ಕಣ್ಣು ಅನ್ನುವುದು ಅದೇ.

ಇಷ್ಟು ಹೇಳಿದರೆ ಕೆಲವರು ಕೇಳುತ್ತಾರೆ: ನಮ್ಮವರು ಹೋಗಿ ಬೇರೆಯವರಿಗೆ ಹೇಳಿಕೊಟ್ಟು, ಅವರು ಬಂದು ನಮ್ಮನ್ನೇ ಸೋಲಿಸಿದರೆ? 2018ರ ಮಾರ್ಚ್‌ನಲ್ಲಿ ಕೊಲಂಬೊದ ನಿದಹಾಸ್ ಟ್ರೋಫಿ ಫೈನಲ್ ನೆನಪಿದೆಯಾ? ಕೊನೆಯ ಎಸೆತಕ್ಕೆ ದಿನೇಶ್ ಕಾರ್ತಿಕ್ ಸಿಕ್ಸರ್ ಹೊಡೆದು ಗೆಲ್ಲಿಸಿದ ಪಂದ್ಯ. ಎದುರಾಳಿ ಬಾಂಗ್ಲಾದೇಶ. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದೆವು. ಆಗ ಆ ತಂಡಕ್ಕೆ ಸ್ಪಿನ್ ಹೇಳಿಕೊಡುತ್ತಿದ್ದವರು ಒಬ್ಬ ಕನ್ನಡಿಗ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಪಟಾಕಿ ಹೊಡೆಯುತ್ತಿರಲಿಲ್ಲ ಅಂತೇನಲ್ಲ.

ಇದರ ಸಣ್ಣ ರೂಪ ನಮ್ಮೂರಲ್ಲೇ ಆಗಿದೆ. ಹೋದ ವರ್ಷ ಪಕ್ಕದೂರಿನ ಹುಡುಗರು ಯುಗಾದಿ ಟೂರ್ನಿಗೆ ಮೊದಲು, ‘ಅಣ್ಣಾ, ಒಂದು ವಾರ ಬಂದು ಬೌಲಿಂಗ್ ಹೇಳ್ಕೊಡಣ್ಣಾ’ ಎಂದು ಕೇಳಿದರು. ಹೋದೆ. ಬಂಡೆಗಳ ನಡುವೆ ಇರುವ ಅವರ ಮೈದಾನದಲ್ಲಿ ಲೆಗ್ ಸೈಡಿಗೆ ಹೊಡೆದರೆ ಚೆಂಡು ಕಲ್ಲಿಗೆ ಬಡಿದು ವಾಪಸ್ ಬರುತ್ತದೆ. ಸೆಮಿಫೈನಲ್‌ನಲ್ಲಿ ಅವರು ನಮ್ಮೂರನ್ನೇ ಸೋಲಿಸಿದರು. ನಮ್ಮ ಟೀಮಿನವರು ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಒಬ್ಬ ನನ್ನ ಬೈಕಿನ ಗಾಳಿ ಬಿಟ್ಟಿದ್ದ ಎಂಬ ಅನುಮಾನ ಈಗಲೂ ಇದೆ.

ನಮಗೆ ಬೇರೆಯವರು ಬಂದು ಕಲಿಸಿದಾಗ ಮಾತ್ರ ನಮಗೆ ಹೀಗೆ ಅನ್ನಿಸುವುದಿಲ್ಲ, ಗಮನಿಸಿದ್ದೀರಾ? 1996ರಲ್ಲಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಭಾರತದ ವಿರುದ್ಧ ಎರಡೂ ಇನಿಂಗ್ಸ್‌ನಲ್ಲಿ ಶತಕ ಹೊಡೆದ ಗ್ಯಾರಿ ಕರ್ಸ್ಟನ್ ಅವರನ್ನೇ ಕೋಚ್ ಮಾಡಿಕೊಂಡು 2011ರ ವಿಶ್ವಕಪ್ ಗೆದ್ದೆವು. ಗೆದ್ದ ಮೇಲೆ ನಮ್ಮ ಆಟಗಾರರು ಅವರನ್ನು ಹೆಗಲ ಮೇಲೆ ಹೊತ್ತರು. ದಕ್ಷಿಣ ಆಫ್ರಿಕಾದವರು ಅವರನ್ನು ದ್ರೋಹಿ ಅನ್ನಬೇಕಿತ್ತೇ?

ರೈಲಿನಲ್ಲಿ ನಮ್ಮ ಡಬ್ಬಿಯಲ್ಲೇ ಬರುವ ಕೆಜಿಎಫ್‌ನ ಹುಡುಗನೊಬ್ಬನಿದ್ದಾನೆ. ಅವನಿಗೆ ಕ್ರಿಕೆಟ್ ಕಂಡರಾಗದು, ಫುಟ್‌ಬಾಲ್ ಅಂದರೆ ಪ್ರಾಣ. ಈ ವಾದಕ್ಕೆ ಅವನು ಹೇಳಿದ ಹೆಸರು ಬೋರಾ ಮಿಲುಟಿನೊವಿಚ್. ಸರ್ಬಿಯಾದವರು. ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಕ್ಲಬ್‌ಗೆ ಆಡಿ, ಫ್ರಾನ್ಸ್‌ಗೆ ಹೋಗಿ, ಕೊನೆಗೆ ಮೆಕ್ಸಿಕೊದಲ್ಲಿ ಆಟ ನಿಲ್ಲಿಸಿ ಅಲ್ಲೇ ಕೋಚ್ ಆದರು. 1986ರಲ್ಲಿ ಮೆಕ್ಸಿಕೊ, 1990ರಲ್ಲಿ ಕೋಸ್ಟರಿಕಾ, 1994ರಲ್ಲಿ ಅಮೆರಿಕ, 1998ರಲ್ಲಿ ನೈಜೀರಿಯಾ, 2002ರಲ್ಲಿ ಚೀನಾ: ಸತತ ಐದು ವಿಶ್ವಕಪ್, ಐದು ಬೇರೆ ಬೇರೆ ದೇಶ. ಮೊದಲ ನಾಲ್ಕನ್ನೂ ಗುಂಪು ಹಂತ ದಾಟಿಸಿದರು. ಚೀನಾ ಮಾತ್ರ ಒಂದು ಗೋಲನ್ನೂ ಹೊಡೆಯದೆ ಮನೆಗೆ ಹೋಯಿತು. ಆದರೆ ಆ ದೇಶ ಪುರುಷರ ವಿಶ್ವಕಪ್ ಆಡಿದ್ದೇ ಅದೊಂದು ಸಲ. ನಮ್ಮ ಭಾರತ ಫುಟ್‌ಬಾಲ್ ತಂಡ 1984ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದಾಗ ಕೋಚ್ ಆಗಿದ್ದ ಮಿಲೋವನ್ ಚಿರಿಚ್ ಕೂಡ ಆಗಿನ ಯುಗೊಸ್ಲಾವಿಯಾದವರು. ಆ ಸಣ್ಣ ನಾಡಿನ ಆಟಗಾರರು ಆಟ ಮುಗಿದ ಮೇಲೆ ಜಗತ್ತಿನ ಮೂಲೆಮೂಲೆಗೆ ಹೋಗಿ ಕಲಿಸುವುದನ್ನು ಒಂದು ಉದ್ಯೋಗವೆಂದೇ ತಿಳಿದಿದ್ದಾರೆ.

ನಾವು ಹಾಗೆ ತಿಳಿದಿಲ್ಲ. ನಮ್ಮ ಕ್ಯಾಂಪಸ್‌ಗಳಲ್ಲಿ ಒಂದು ಮಾತಿದೆ: ‘ಪ್ಲೇಸ್‌ಮೆಂಟ್ ಆಗ್ಲಿಲ್ಲ ಅಂದ್ರೆ ಎಂಟೆಕ್ ಮಾಡಿ ಲೆಕ್ಚರರ್ ಆಗ್ತಾನೆ ಬಿಡು.’ ಹೇಳುವವರೆಲ್ಲ ಆ ಲೆಕ್ಚರರ್ ಎದುರೇ ಮೂರು ಗಂಟೆಯಿಂದ ಕೂತು ಕಲಿಯುತ್ತಿರುವವರು. ಕಲಿಸುವುದು ಸೋತವರಿಗೆ ಸಿಗುವ ಸಮಾಧಾನಕರ ಬಹುಮಾನ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ತಲೆಯಲ್ಲೂ ಇತ್ತು. ಆ ಶುಕ್ರವಾರ ನನಗೆ ಅಷ್ಟು ಅವಮಾನವಾದದ್ದು ಅದಕ್ಕೇ ಇರಬೇಕು.

ನಿಜ ಹೇಳಬೇಕೆಂದರೆ ಕಲಿಸುವುದು ಬೇರೆಯದೇ ವಿದ್ಯೆ. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ನನಗೆ ಪಾಯಿಂಟರ್ ಮೊದಲ ದಿನವೇ ಅರ್ಥವಾಗಿತ್ತು. ಅದಕ್ಕೇ ಗೆಳೆಯನಿಗೆ ಯಾಕೆ ಅರ್ಥವಾಗುತ್ತಿಲ್ಲ ಎಂಬುದು ನನಗೆ ಎರಡು ವಾರ ಅರ್ಥವಾಗಲಿಲ್ಲ. ಕೊನೆಗೆ ರೈಲಿನ ಟಿಕೆಟ್ ತೋರಿಸಿ, ‘ಇದು ಸೀಟಲ್ಲ, ಸೀಟು ಎಲ್ಲಿದೆ ಅಂತ ಹೇಳೋ ಚೀಟಿ’ ಅಂದ ದಿನ ಅವನ ಮುಖ ಬೆಳಗಿತು. (ನಮ್ಮ ರೈಲಿನ ಪಾಸಿಗೆ ಸೀಟ್ ನಂಬರೇ ಇರುವುದಿಲ್ಲ, ಅದು ಬೇರೆ ಮಾತು. ನಲ್ ಪಾಯಿಂಟರ್ ವಿವರಿಸಲು ಅದೇ ಅನುಕೂಲವಾಯಿತು.)

ಉದ್ಯೋಗ ಹುಡುಕುತ್ತಿರುವವರಿಗೆ ಇಲ್ಲೊಂದು ವಿಷಯ. ಕೋಚ್ ಆಗುವುದು ಇವತ್ತು ಬರೀ ಹೆಸರಿನ ಬಲದ ಮೇಲೆ ನಡೆಯುವಂಥದ್ದಲ್ಲ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಇದೆ, ಅಲ್ಲಿನ ಕೋಚಿಂಗ್ ಡಿಪ್ಲೊಮಾ ಸರ್ಕಾರಿ ಕೋಚ್ ಹುದ್ದೆಗಳಿಗೆ ಬೆಲೆಯುಳ್ಳದ್ದು. ಫುಟ್‌ಬಾಲ್‌ನಲ್ಲಿ ಡಿ, ಸಿ, ಬಿ, ಎ ಎಂದು ಲೈಸೆನ್ಸ್ ಮೆಟ್ಟಿಲುಗಳಿವೆ. ಕ್ರಿಕೆಟ್‌ನಲ್ಲೂ ಲೆವೆಲ್ ಪರೀಕ್ಷೆಗಳಿವೆ. ದೇಶಕ್ಕೆ ಆಡದಿದ್ದವನೂ ಇಲ್ಲಿ ಮೇಲೇರಬಹುದು. ಬೆಂಗಳೂರಿನ ಜೆ. ಅರುಣ್‌ಕುಮಾರ್ ಭಾರತಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಅವರು ಕೋಚ್ ಆಗಿದ್ದಾಗ ಕರ್ನಾಟಕ 2013–14 ಮತ್ತು 2014–15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಸತತ ಎರಡು ಸಲ ಗೆದ್ದಿತು. 2020ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ತಂಡಕ್ಕೆ ಅವರನ್ನು ಮುಖ್ಯ ಕೋಚ್ ಮಾಡಿಕೊಂಡಿತು.

ಎಲ್ಲವೂ ಹೀಗೆ ಸುಖಾಂತ್ಯವಲ್ಲ. ನೈರೋಬಿ ಕಥೆ ಹೇಳುತ್ತೇನೆ ಅಂದಿದ್ದೆ. ಭಾರತಕ್ಕೆ 4 ಟೆಸ್ಟ್ ಆಡಿದ ನಮ್ಮ ದೊಡ್ಡ ಗಣೇಶ್ ಅವರನ್ನು 2024ರ ಆಗಸ್ಟ್‌ನಲ್ಲಿ ಕೆನ್ಯಾ ತಂಡದ ಮುಖ್ಯ ಕೋಚ್ ಎಂದು ಪ್ರಕಟಿಸಲಾಯಿತು. ಪತ್ರಿಕೆಗಳಲ್ಲಿ ಫೋಟೊ ಬಂತು. ಸುಮಾರು ಒಂದು ತಿಂಗಳಲ್ಲೇ, ನೇಮಕ ಕ್ರಮಬದ್ಧವಾಗಿಲ್ಲ ಎಂಬ ಕಾರಣ ಕೊಟ್ಟು ಅಲ್ಲಿನ ಕ್ರಿಕೆಟ್ ಮಂಡಳಿ ಅದನ್ನು ರದ್ದು ಮಾಡಿತು. ಆಫರ್ ಲೆಟರ್ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಜಾಯ್ನಿಂಗ್ ಡೇಟ್ ಕಾಯುವ ನಮ್ಮ ಸೀನಿಯರ್‌ಗಳಿಗೆ ಈ ಸುದ್ದಿ ಓದಿ ಬಹುಶಃ ಯಾರಿಗೂ ಆಗದಷ್ಟು ಬೇಜಾರಾಗಿರುತ್ತದೆ. 365 ಪ್ರಥಮ ದರ್ಜೆ ವಿಕೆಟ್ ತೆಗೆದವರಿಗೇ ಹೀಗೆ! ಹೊರದೇಶದ ಕೋಚ್ ಕೆಲಸ ಒಪ್ಪಂದದ ಕೆಲಸ. ಒಪ್ಪಂದ ಮುಗಿದರೆ ಪೆಟ್ಟಿಗೆ ಕಟ್ಟಬೇಕು. ಜೋಶಿಯವರದೂ 2019ರ ವಿಶ್ವಕಪ್‌ನೊಂದಿಗೆ ಮುಗಿಯಿತು. ಆ ವಿಶ್ವಕಪ್‌ನಲ್ಲಿ ಬಾಂಗ್ಲಾ ಭಾರತದ ಎದುರು 28 ರನ್‌ಗಳಿಂದ ಸೋತದ್ದು ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ. 1996ರ ಜೂನ್ 6ರಂದು, ತಮ್ಮ 26ನೇ ಹುಟ್ಟುಹಬ್ಬದ ದಿನ, ಜೋಶಿ ಭಾರತದ ಪರ ಮೊದಲ ಟೆಸ್ಟ್ ಆಡಲು ಇಳಿದದ್ದೂ ಅದೇ ಮೈದಾನಕ್ಕೆ.

ಹೊರಗೆ ಹೋಗಿ ಬಂದವರಿಗೆ ಮನೆಯ ಬಾಗಿಲು ಮುಚ್ಚಿತೇ? 2020ರ ಮಾರ್ಚ್‌ನಲ್ಲಿ ಜೋಶಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ, ಗಾಬಾದಲ್ಲಿ ಗೆದ್ದು ಬಂತಲ್ಲ, ಆ ತಂಡವನ್ನು ಆರಿಸಿದ ಸಮಿತಿಗೆ ಅಧ್ಯಕ್ಷರು ಅವರು. ಬಾಂಗ್ಲಾಕ್ಕೆ ಕಲಿಸಿದ್ದನ್ನು ಯಾರೂ ತಪ್ಪೆಂದು ಹಿಡಿಯಲಿಲ್ಲ. ಅನುಭವ ಎಂದೇ ಲೆಕ್ಕ ಹಾಕಿದರು.

ಭಾನುವಾರ ಅಪ್ಪನ ಜೊತೆ ಬಂಡೆಯ ಹತ್ತಿರ ಹೋಗಿದ್ದೆ. ಅಲ್ಲಿ ಇನ್ನೊಬ್ಬರು ಕೂಚ ಸೀಳುತ್ತಿದ್ದರು. ಒಂದು ಕಾಲಕ್ಕೆ ಅಪ್ಪನ ಕೈಕೆಳಗೆ ಕೆಲಸ ಕಲಿತವರು, ಈಗ ಸ್ವಂತ ಗಿರಾಕಿಗಳಿದ್ದಾರೆ. ಅಪ್ಪನಿಗೆ ಬರಬೇಕಿದ್ದ ದ್ರಾಕ್ಷಿ ತೋಟದ ಆರ್ಡರ್ ಒಂದು ಹೋದ ವರ್ಷ ಅವರಿಗೆ ಹೋಯಿತು. ‘ಯಾಕಪ್ಪಾ ಅವ್ರಿಗೆ ಕಲಿಸಿದ್ರಿ?’ ಎಂದು ಕೇಳಿದೆ. ಅಪ್ಪ ಬಂಡೆಯ ಮೇಲೆ ಕೈಯಾಡಿಸಿ ಎಳೆ ಎತ್ತ ಹೋಗಿದೆ ಎಂದು ನೋಡುತ್ತಿದ್ದರು. ‘ಕೇಳ್ದ, ಹೇಳ್ದೆ’ ಅಂದರು. ಶುಕ್ರವಾರದ ಗಾದೆಯನ್ನು ನಾನು ನೆನಪಿಸಲಿಲ್ಲ. ಅವರಿಗೂ ನೆನಪಾಗಿರಬೇಕು, ನನ್ನ ಕಡೆ ತಿರುಗಿ ನೋಡದೆ ಸುತ್ತಿಗೆ ಕೇಳಿದರು.

ಸೋಮವಾರ ರೈಲು ಹನ್ನೆರಡು ನಿಮಿಷ ತಡ. ಗೆಳೆಯ ಎಂದಿನಂತೆ ಸೀಟು ಹಿಡಿದಿದ್ದ. ಬ್ಯಾಗಿನಿಂದ ಮೈಸೂರು ಪಾಕ್ ಡಬ್ಬಿ ತೆಗೆದ, ಕೊಡಲೋ ಬೇಡವೋ ಎಂಬಂತೆ ತೊಡೆಯ ಮೇಲೇ ಇಟ್ಟುಕೊಂಡ. ನಾನೇ ಕೈ ಹಾಕಿ ಒಂದು ತಗೊಂಡೆ. ಬ್ಯಾಟರಾಯನಹಳ್ಳಿ ದಾಟಿದ ಮೇಲೆ ಅವನು ಬಾಯಿ ಬಿಟ್ಟ.

‘ಮಗಾ, ಎರಡನೇ ಪ್ರಶ್ನೆ ನೀನು ಹೇಳ್ಕೊಟ್ಟಿದ್ದೇ ಬಂದಿತ್ತು.’

‘ಗೊತ್ತು. ನಂಗೂ ಅದೇ ಬಂದಿತ್ತು.’

‘ಮತ್ತೆ?’

‘ಅದು ಸರಿಯಾಗೇ ಬರ್ದೆ. ಆಪ್ಟಿಟ್ಯೂಡ್‌ನಲ್ಲಿ ಹನ್ನೊಂದು ಪ್ರಶ್ನೆ ಮುಟ್ಟೋಕೇ ಆಗ್ಲಿಲ್ಲ. ಟೈಮ್ ಸಾಲ್ಲಿಲ್ಲ.’

ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. ಆಮೇಲೆ ಮೈಸೂರು ಪಾಕ್ ಡಬ್ಬಿಯನ್ನು ಎದುರಿಗೆ ಕೂತಿದ್ದ ಕೆಜಿಎಫ್ ಹುಡುಗನ ಕೈಗೆ ಕೊಟ್ಟು, ಬ್ಯಾಗಿನಿಂದ ಅಂಚೆಲ್ಲ ಮುದುರಿದ ಆಪ್ಟಿಟ್ಯೂಡ್ ಪುಸ್ತಕ ತೆಗೆದ. ಮಾಲೂರು ಸ್ಟೇಷನ್ ಬಂತು. ಜನ ನುಗ್ಗಿದರು. ಪುಸ್ತಕವನ್ನು ನನ್ನ ಮೊಣಕಾಲ ಮೇಲೆ ಬಿಚ್ಚಿ ಹಿಡಿದು ಕೇಳಿದ, ‘ಟೈಮ್ ಆ್ಯಂಡ್ ವರ್ಕ್ ಇಂದ ಶುರು ಮಾಡೋಣ್ವಾ?’